ಮುಡಿ ಕೊಟ್ಟ ಹುಡುಗಿ

ನಂಜನಗೂಡಿನಿಂದ ಬೆಳಗಿನ ಆರು ಗಂಟೆಗೆ ಹೊರಟ ಹನ್ನೊಂದು ಸೈಕಲ್ಲುಗಳು ತಿ. ನರಸೀಪುರದ ಬಸ್ ನಿಲ್ದಾಣದ ಎದುರು ಸಾಲುಗಟ್ಟಿ ನಿಂತಾಗ ಬಿಸಿಲು ನೆತ್ತಿಗೆ ಏರುತ್ತಿತ್ತು. ೨೦೦೮ರ ಫೆಬ್ರವರಿ ತಿಂಗಳು. ಪ್ರೌಢಶಾಲೆಯ ಏಳು ಮಂದಿ ಮಕ್ಕಳು, ಡ್ರಿಲ್ ಮೇಷ್ಟರಾದ ಶಿವಮೂರ್ತಿ, ಶಾಲೆಯ ಮೂವರು ಹಳೆಯ ವಿದ್ಯಾರ್ಥಿಗಳು. ಇಷ್ಟೇ ಜನರ ತಂಡ. ಕ್ಯಾನ್ಸರ್ ಸಂಶೋಧನೆಗೆಂದು ಊರೂರು ಸುತ್ತಿ ಕರಪತ್ರ ಹಂಚಿ ಹಣ ಕೂಡಿಸುವುದಾಗಿ ಶಾಲೆಯವರು ಸಂಕಲ್ಪ ಮಾಡಿದ್ದರು. ಮುಂದಿನ ಸೈಕಲ್ಲಿಗೆ ಕಟ್ಟಿದ್ದ ಬಿಳಿಯ ಬಟ್ಟೆಯ ಮೇಲೆ ಆ ರೋಗದ ಹೆಸರು ಕೆಂಪಕ್ಷರದಲ್ಲಿ ಎದ್ದು ಕಾಣುತ್ತಿತ್ತು. ಅದರ ಪಕ್ಕದಲ್ಲೇ, ನುಣ್ಣಗೆ ಬೋಳಿಸಿದ ತಲೆಯ ರಂಜಿನಿ ನಿಂತಿದ್ದಳು. ಒಂಬತ್ತನೆಯ ತರಗತಿಯ ಹುಡುಗಿ. ತಂಡದಲ್ಲಿ ಅವಳಷ್ಟು ಗಟ್ಟಿಯಾಗಿ ಪೆಡಲ್ ತುಳಿಯುವವರು ಬೇರೊಬ್ಬರಿರಲಿಲ್ಲ.

ನಂಜನಗೂಡಿನಲ್ಲಿ ಬೋಳುತಲೆಯನ್ನು ಯಾರೂ ತಿರುಗಿ ನೋಡುವುದಿಲ್ಲ. ದಿನ ಬೆಳಗಾದರೆ ಕಪಿಲೆಯ ದಂಡೆಯಲ್ಲಿ ಮುಡಿ ಕೊಡುವವರ ಸಾಲು ಇದ್ದೇ ಇರುತ್ತದೆ. ಆದರೆ ಇಲ್ಲಿ, ಆ ಕೆಂಪಕ್ಷರದ ಪಕ್ಕದಲ್ಲಿ, ಜನ ಮುಡಿಯನ್ನು ನೆನೆಯಲಿಲ್ಲ.

“ಪಾಪ, ಆ ಕೂಸಿಗೇ ಬಂದದಂತೆ ಕಣಕ್ಕ,” ಎಂದಳು ಹೂವಿನ ಬುಟ್ಟಿಯವಳು.

“ಶಿವ ಶಿವ. ಇಂಥಾ ವಯಸ್ಗಾ? ಆದ್ರೂ ಸೈಕಲ್ ತುಳ್ಕಂಡು ಬಂದವ್ಳಲ್ಲ.”

ಹತ್ತು ರೂಪಾಯಿ ಹಾಕಲು ಬಂದಿದ್ದ ಕೈ ಹಿಂದಕ್ಕೆ ಸರಿದು, ಸೊಂಟದ ಚೀಲದಿಂದ ಐವತ್ತನ್ನು ತೆಗೆದು ಮಕ್ಕಳು ಹಿಡಿದಿದ್ದ ಡಬ್ಬಿಗೆ ಹಾಕಿತು. ಅದನ್ನು ನೋಡಿ ಮತ್ತೊಬ್ಬರು, ಅವರನ್ನು ನೋಡಿ ಮಗದೊಬ್ಬರು. ಕೈ ಮೈಕು ಹಿಡಿದಿದ್ದ ಹಳೆಯ ವಿದ್ಯಾರ್ಥಿ ನಿಂಗರಾಜು ಗಾಳಿ ಬಂದ ಕಡೆ ತೂರಿಕೊಳ್ಳುವ ಆಸಾಮಿ. “ನೋಡಿ ಸ್ವಾಮಿ, ಈ ಮಗೂನ ಒಂದ್ಸಾರಿ ನೋಡಿ,” ಎಂದಷ್ಟೇ ಹೇಳಿ ಮಾತು ನಿಲ್ಲಿಸಿದ.

ರಂಜಿನಿ ಮೇಷ್ಟರ ಬಳಿಗೆ ಸರಿದು ಮೆಲ್ಲಗೆ, “ಸಾ, ನಂಗೇನೂ ಇಲ್ಲ ಅಂತ ಹೇಳಿ ಸಾ,” ಎಂದಳು.

ಶಿವಮೂರ್ತಿ ಡಬ್ಬಿಯ ಕಡೆ ನೋಡಿದರು, ಜನರ ಕಡೆ ನೋಡಿದರು. “ಹೇಳೋಣಮ್ಮ. ಇಲ್ಲಿ ಬೇಡ, ಗಲಾಟೆ ಆಗ್ತದೆ. ಮುಂದೆ ಮೂಗೂರಲ್ಲಿ ಹೇಳೋಣ.”

“ನಾವೇನ್ ಸುಳ್ಳು ಹೇಳಿದ್ವಾ ಸಾ?” ಎಂದ ನಿಂಗರಾಜು. “ಅವ್ರೇ ಅಂದ್ಕಂಡ್ರೆ ನಾವೇನ್ ಮಾಡಾನ. ಬುರುಡೆ ಇಷ್ಟು ದುಡೀತದೆ ಅಂತ ಗೊತ್ತಿದ್ರೆ ನಾನೂ ಬೋಳಿಸ್ಕಂಡೇ ಬತ್ತಿದ್ದೆ.”

“ನಿನ್ ಮುಖಕ್ಕೆ ಯಾರಣ್ಣ ಹಾಕ್ತಾರೆ,” ಎಂದ ಹಿಂದಿನ ಹುಡುಗನೊಬ್ಬ. ಎಲ್ಲರೂ ನಕ್ಕರು, ರಂಜಿನಿ ನಗಲಿಲ್ಲ. ಮೂಗೂರೆಂಬ ಹೆಸರೇ ಅವಳ ಕಿವಿಯಲ್ಲಿ ಉಳಿದಿತ್ತು.

ಮೂಗೂರಿನಲ್ಲಿ ಅವಳ ಅಕ್ಕ ಕೋಮಲಳಿಗೆ ಗಂಡು ಗೊತ್ತಾಗಿತ್ತು. ಕರೆಂಟ್ ಆಫೀಸಿನಲ್ಲಿ ಕೆಲಸದಲ್ಲಿದ್ದ ಗುರು ಎಂಬಾತ. ಬರುವ ಭಾನುವಾರವೇ ವೀಳ್ಯದ ಶಾಸ್ತ್ರ. ಇನ್ನು ರಂಜಿನಿಯ ಮುಡಿಯೋ, ಅದು ಅವಳ ತಾಯಿ ಇಂದ್ರಾಣಿಗಾಗಿ ಹೊತ್ತ ಹರಕೆ. ಹೋದ ವರ್ಷ ಇಂದ್ರಾಣಿಯ ಎದೆಯಲ್ಲಿ ಗಂಟು ಕಾಣಿಸಿಕೊಂಡು, ಮೈಸೂರಿನ ಆಸ್ಪತ್ರೆಯಲ್ಲಿ ಆಪರೇಷನ್ನಾಗಿ, ಔಷಧದ ಕಾವಿಗೆ ತಲೆಗೂದಲೆಲ್ಲ ಉದುರಿ, ಬದುಕಿದರೆ ಹೆಚ್ಚು ಎನ್ನುವಂತಾಗಿತ್ತು. ಆಗ ಅಜ್ಜಿ ಗುರುಸಿದ್ದಮ್ಮ, “ಸೊಸೆ ಉಳಿದ್ರೆ ಮೊಮ್ಮಗಳ ಮುಡಿ ನಿಂದು, ನಂಜುಂಡಪ್ಪ,” ಎಂದು ಬೇಡಿಕೊಂಡಿದ್ದಳು. ತಾಯಿ ಉಳಿದಳು. ಆದರೆ ರೋಗದ ಹೆಸರನ್ನು ನೆರೆಯವರಿಗೂ ಹೇಳಿರಲಿಲ್ಲ. “ಹೆಣ್ಣು ಕೊಡೋ ಮನೇಲಿ ಆ ಕಾಯ್ಲೆ ಅಂದ್ರೆ ಬೀಜದಲ್ಲೇ ಐತೆ ಅಂತಾರೆ,” ಎಂದಿದ್ದ ಅಪ್ಪ ಬಸವಯ್ಯ. “ಯಾರಾದ್ರೂ ಕೇಳಿದ್ರೆ ಪರೀಕ್ಷೆ ಪಾಸಾಗ್ಲಿ ಅಂತ ಮುಡಿ ಕೊಟ್ಟೆ ಅನ್ನು. ಅಕ್ಕನ ಬಾಳು ನಿನ್ನ ನಾಲಿಗೆ ಮೇಲೈತೆ ಕಣವ್ವ.”

ಮೂಗೂರಿನ ದಾರಿ ಹಿಡಿದಾಗ ರಂಜಿನಿ ಪೆಡಲ್ ತುಳಿಯುವುದನ್ನು ನಿಧಾನ ಮಾಡಿದಳು. ಯಾವಾಗಲೂ ಮುಂದಿರುತ್ತಿದ್ದವಳು ಹಿಂದೆ ಬಿದ್ದಳು. ಅಷ್ಟರಲ್ಲಿ ಧೂಳೆಬ್ಬಿಸುತ್ತ ಬಂದ ಬಸ್ಸೊಂದು ತಂಡವನ್ನು ದಾಟಿತು. ಕಿಟಕಿಯಿಂದ ಇಣುಕಿದ ಹೆಂಗಸೊಬ್ಬಳು ಅವಳ ತಲೆಯನ್ನು ಬೊಟ್ಟು ಮಾಡಿ ತೋರಿಸಿ, ಪಕ್ಕದವಳಿಗೆ ಏನನ್ನೋ ಹೇಳಿದಳು. ಬಸ್ಸು ತಿರುವಿನಲ್ಲಿ ಮರೆಯಾಯಿತು. ಸೈಕಲ್ಲಿಗಿಂತ ಮೊದಲೇ ಸುದ್ದಿ ಮೂಗೂರು ಮುಟ್ಟುವುದನ್ನು ತಡೆಯುವ ಉಪಾಯ ಅವಳಲ್ಲಿರಲಿಲ್ಲ.

ಊರ ಮುಂದಿನ ಅರಳಿಕಟ್ಟೆಯ ಬಳಿ ಜನ ಕಾದು ನಿಂತಿದ್ದರು. ಸೈಕಲ್ಲುಗಳು ನಿಲ್ಲುತ್ತಲೇ ನೋಟುಗಳು ಬಿದ್ದವು. ಗುಂಪನ್ನು ಎರಡು ಮಾಡಿಕೊಂಡು, ಐವತ್ತರ ಆಸುಪಾಸಿನ, ವಿಭೂತಿ ಧರಿಸಿದ ಹೆಂಗಸೊಬ್ಬಳು ನೇರವಾಗಿ ರಂಜಿನಿಯ ಮುಂದೆ ಬಂದು ನಿಂತಳು. ಗುರುವಿನ ತಾಯಿ ಗುರುಬಸಮ್ಮ.

“ನೀನು ಕೋಮಲನ ತಂಗಿ ಅಲ್ವಾ? ನಾವು ಬಂದಾಗ ಮೊಣಕಾಲುದ್ದ ಜಡೆ ಇತ್ತು. ಬಸ್ಸಲ್ಲಿ ಬಂದೋರು ಏನೇನೋ ಅಂದ್ರಲ್ಲವ್ವ. ದಿಟವಾ?”

ರಂಜಿನಿ ಬಾಯಿ ತೆರೆಯುವುದರೊಳಗೆ ಶಿವಮೂರ್ತಿ ನಿಂಗರಾಜುವಿನ ಕೈಯಿಂದ ಮೈಕನ್ನು ತೆಗೆದುಕೊಂಡರು. “ಎಲ್ಲರೂ ಕೇಳಿ. ಈ ಹುಡುಗಿಗೆ ಯಾವ ಕಾಯಿಲೆಯೂ ಇಲ್ಲ. ನಂಜುಂಡೇಶ್ವರನಿಗೆ ಮುಡಿ ಕೊಟ್ಟಿದ್ದಾಳೆ, ಅಷ್ಟೆ. ನರಸೀಪುರದಲ್ಲೇ ಇದನ್ನ ನಾನು ಹೇಳಬೇಕಾಗಿತ್ತು. ಡಬ್ಬಿ ತುಂಬೋದನ್ನ ನೋಡಿ ಸುಮ್ಮನಾದೆ. ತಪ್ಪು ನಂದು. ಇವಳನ್ನ ನೋಡಿ ಹಾಕಿದೋರು ವಾಪಸ್ ತಗೋಬಹುದು.”

“ಹಂಗಾರೆ ನನ್ ನೂರು ರೂಪಾಯಿ ಕೊಡ್ರಪ್ಪ,” ಎಂದು ಒಬ್ಬಾತ ಸಂಕೋಚವಿಲ್ಲದೆ ಮುಂದೆ ಬಂದ. ಮತ್ತಿಬ್ಬರು ಅವನ ಹಿಂದೆ ನಿಂತರು. ಮೇಷ್ಟರು ಡಬ್ಬಿಯ ಬೀಗ ತೆಗೆದು ತಲೆ ತಗ್ಗಿಸಿ ಕೊಟ್ಟರು.

ರಂಜಿನಿಗೆ ಹೋದ ಉಸಿರು ಬಂದಂತಾಯಿತು. ಆದರೆ ಗುರುಬಸಮ್ಮ ನಿಂತ ಜಾಗ ಬಿಟ್ಟು ಕದಲಲಿಲ್ಲ.

“ಮುಡಿ ಸರಿ ಕಣವ್ವ. ಮೈನೆರೆದ ಹೆಣ್ಣುಮಕ್ಳು ಒಂದು ಎಳೆ ಕತ್ತರಿಸಿ ಹೂಮುಡಿ ಕೊಡ್ತಾರೆ. ಪೂರಾ ಕೊಡ್ಬೇಕಾದ್ರೆ ಅದು ಸಣ್ಣ ಅರಕೆ ಅಲ್ಲ. ಯಾರಿಗೋಸ್ಕರ?”

ಪರೀಕ್ಷೆ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಉಗುಳಿದ್ದರೆ ಮುಗಿಯುತ್ತಿತ್ತು. ಭಾನುವಾರ ಶಾಸ್ತ್ರವಾಗುತ್ತಿತ್ತು, ಅಕ್ಕ ಮೂಗೂರಿನ ಸೊಸೆಯಾಗುತ್ತಿದ್ದಳು. ಆಮೇಲೆ ಅವ್ವ ಮಗಳ ಮನೆಗೆ ಬಂದಾಗಲೆಲ್ಲ ತನ್ನ ಮೈಯನ್ನೇ ಬಚ್ಚಿಟ್ಟುಕೊಂಡು ಓಡಾಡಬೇಕು. ತಾನು ಮಾತ್ರ ಊರೂರು ಸುತ್ತಿ, ಈ ರೋಗಕ್ಕೆ ನಾಚಬೇಡಿ ಎಂದು ಕರಪತ್ರ ಹಂಚಬೇಕು. ನೂರು ಜನರ ಎದುರು ತಪ್ಪು ನನ್ನದೆಂದ ಮೇಷ್ಟರು ಎರಡು ಮಾರು ದೂರದಲ್ಲಿ ನಿಂತಿದ್ದರು.

“ನಮ್ಮವ್ವಂಗೆ,” ಎಂದಳು ರಂಜಿನಿ.

“ಏನಾಗಿತ್ತು?”

 ಅವಳು ಕೈ ಚಾಚಿ ಬಿಳಿಯ ಬಟ್ಟೆಯ ಮೇಲಿನ ಕೆಂಪಕ್ಷರವನ್ನು ಮುಟ್ಟಿದಳು. “ಇದು. ಹೋದ ವರ್ಷ. ಈಗ ಚೆನ್ನಾಗವ್ಳೆ. ಮೊನ್ನೆ ಅವಳೇ ಮುದ್ದೆ ತಿರುವಿದ್ಲು.”

 ನಿಂಗರಾಜುವಿನ ಮುಖದಲ್ಲಿ ನಗೆಯಿರಲಿಲ್ಲ. ಗುರುಬಸಮ್ಮ ಆ ಅಕ್ಷರವನ್ನೇ ನೋಡಿದಳು.

“ಎಣ್ಣು ನೋಡಕ್ಕೆ ಬಂದಾಗ ನಿಮ್ಮವ್ವ ಬಾಗಿಲ ಹಿಂದೇನೆ ನಿಂತ್ಕಂಡ್ಳು. ಕುಂಕುಮ ಕೊಡಕ್ಕೂ ಈಚೆಗೆ ಬರ್ಲಿಲ್ಲ. ಈ ಸಂಬಂಧ ಅವಳಿಗೆ ಬ್ಯಾಡವಾಗಿತ್ತೇನೋ ಅಂತ ನಾನು ಕುದ್ದು ಓಗಿದ್ದೆ.”

“ತಲೇಲಿ ಕೂದ್ಲಿರ್ಲಿಲ್ಲ. ಅದ್ಕೆ.”

“ನಿಮ್ಮಪ್ಪ ಏಳ್ಬೇಕಾಗಿತ್ತು.”

“ಹೇಳಿದ್ರೆ ಒಪ್ತಿದ್ರಾ?”

ಮಾತು ಬಾಯಿಂದ ಜಾರಿದ ಮೇಲೆ ರಂಜಿನಿ ಬೆದರಿದಳು. ಹಿರಿಯರಿಗೆ ಆಡುವ ಮಾತಲ್ಲ ಅದು. ಗುರುಬಸಮ್ಮನ ಹುಬ್ಬು ಗಂಟಿಕ್ಕಿತು, ಮತ್ತೆ ಸಡಿಲಿತು.

“ಗೊತ್ತಿಲ್ಲ ಕಣವ್ವ. ಈಗ್ಲೂ ಗೊತ್ತಿಲ್ಲ. ನಾನೊಬ್ಳೇ ಅಲ್ಲ, ಮನೇಲಿ ಗಂಡಸ್ರವ್ರೆ, ಗುರು ಅವ್ನೆ.” ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಭಾನುವಾರ ನಾವು ಬತ್ತೀವಿ ಅಂತ ಏಳು. ಶಾಸ್ತ್ರಕ್ಕೆ ಅಂತ ಏಳ್ಬ್ಯಾಡ. ನಿಮ್ಮವ್ವ ಈಚೆಗೆ ಬಂದು ನನ್ನೆದ್ರಿಗೆ ಕೂತು ಮಾತಾಡ್ಲಿ. ಆಮೇಲಿಂದು ಆಮೇಲೆ.”

ಡಬ್ಬಿಗೆ ಏನನ್ನೂ ಹಾಕದೆ, ಹಿಂತಿರುಗಿಯೂ ನೋಡದೆ ಅವಳು ಓಣಿಯೊಳಗೆ ಹೊರಟುಹೋದಳು.

ಶಿವಮೂರ್ತಿ ಹತ್ತಿರ ಬಂದರು. “ನಿಮ್ಮ ಮನೆಗೆ ನಾನೂ ಬರ್ತೀನಮ್ಮ. ನಿಮ್ಮಪ್ಪನಿಗೆ ನಾನು ಹೇಳ್ತೀನಿ.”

“ಬ್ಯಾಡ ಸಾ. ನಾನೇ ಆಡಿದ್ದು, ನಾನೇ ಹೇಳ್ತೀನಿ.”

ನಂಜನಗೂಡಿಗೆ ಇನ್ನೂ ಇಪ್ಪತ್ತಮೂರು ಮೈಲಿ. ಅಪ್ಪ ಬಯ್ಯುತ್ತಾನೆ, ಅಕ್ಕ ಮಾತು ಬಿಡುತ್ತಾಳೆ, ಅದರಲ್ಲಿ ಸಂದೇಹವಿರಲಿಲ್ಲ. ಆದರೆ ಭಾನುವಾರ ಬಾಗಿಲ ಹಿಂದಿನಿಂದ ಈಚೆಗೆ ಬರಬೇಕಾದವಳು ಅವ್ವ. ಮೊದಲು ಅವಳಿಗೇ ಹೇಳಬೇಕು ಎಂದು ನಿಶ್ಚಯಿಸಿ ರಂಜಿನಿ ಸೈಕಲ್ ಹತ್ತಿದಳು.