ಎಡೆಗೆ ಬಂದ ಗ್ರ್ಯಾಕಲ್

ಪದ್ಮಮ್ಮ ನೆನೆಸಿಟ್ಟ ಅವರೆಕಾಳು ಹಿತಕುತ್ತಿದ್ದಳು. ಹೆಬ್ಬೆರಳಿನಿಂದ ಒತ್ತಿದರೆ ಬೇಳೆ ಪುಸಕ್ಕೆಂದು ಪಾತ್ರೆಗೆ ಹಾರುತ್ತಿತ್ತು, ಸಿಪ್ಪೆ ಬೆರಳಿಗೆ ಅಂಟಿಕೊಳ್ಳುತ್ತಿತ್ತು. ಎದುರಿಗೆ ಸೊಸೆ ಅನು ಕೂತು ತಾನೂ ಹಿತಕುತ್ತಿದ್ದಳು. ಸಲಾಲಾದ ಆ ಬಾಡಿಗೆ ಫ್ಲಾಟಿನ ಕಿಟಕಿಯಾಚೆ ಪುಡಿಪುಡಿಯಾಗಿ ಸೋನೆ ಬೀಳುತ್ತಿತ್ತು. ಬೇಸಿಗೆಯಲ್ಲಿ ಒಮಾನಿನ ಉಳಿದ ಭಾಗವೆಲ್ಲ ಬೇಯುವಾಗ ಇಲ್ಲಿ ಮಾತ್ರ ಬೆಟ್ಟ ಹಸುರಾಗುತ್ತದೆ ಎಂದು ಮಸ್ಕತ್ತಿನಿಂದ ಜನ ತುಂಬಿಕೊಂಡು ಬರುವ ಕಾರುಗಳಲ್ಲಿ ಇವರದೂ ಒಂದು.

"ಅಮ್ಮಾ, ಇನ್ನೂ ಎಷ್ಟೊತ್ತು? ಮಂಜು ಇಳಿದ್ರೆ ಫೋಟೋಗೆ ಲೈಟ್ ಹೋಗ್ಬಿಡತ್ತೆ," ಎಂದು ಒಳಗಿನಿಂದ ಶ್ಯಾಮಸುಂದರ ಕೂಗಿದ.

ತಿಥಿಗೆ ರಾಹುಕಾಲ ನೋಡುವವರನ್ನು ಪದ್ಮಮ್ಮ ಕಂಡಿದ್ದಳು, ಊಟದ ಹೊತ್ತು ಮೀರಿತೆಂದು ಗೊಣಗುವವರನ್ನು ಕಂಡಿದ್ದಳು. ಅಪ್ಪನ ತಿಥಿಗೆ ಲೈಟ್ ನೋಡುವ ಮಗನನ್ನು ಇದೇ ಮೊದಲು ಕಂಡದ್ದು. ಅವಳು ಇನ್ನೊಂದು ಹಿಡಿ ಕಾಳು ಎತ್ತಿಕೊಂಡಳು. ಗಂಡನಿಗೆ ಹಿತಕಿದ ಬೇಳೆ ಸಾರೆಂದರೆ ಪ್ರಾಣ. ಅದಕ್ಕೆಂದೇ ಮೈಸೂರಿನಿಂದ ಸೂಟ್‌ಕೇಸಿನಲ್ಲಿ ಒಣ ಅವರೆ ಹೊತ್ತು ತಂದಿದ್ದಳು.

ಗಂಡ ಹೋದ ಮೇಲಿನ ಎರಡು ತಿಥಿಗಳೂ ಮೈಸೂರಿನಲ್ಲೇ ಆಗಿದ್ದವು, ಮಗನಿಲ್ಲದೆ. ಮಸ್ಕತ್ತಿನ ಅಲ್ ಖುವೈರ್‌ನ ಆಫೀಸಿನವರು ರಜೆ ಕೊಡಲಿಲ್ಲವೆಂದು ಎರಡು ಸಲವೂ ಫೋನಿನಲ್ಲಿ ಹೇಳಿದ್ದ. ತಾರಸಿಯಲ್ಲಿ ಎಡೆ ಇಟ್ಟು ಕಾದರೆ ಎರಡು ಸಲವೂ ಕಾಗೆ ನೀರಿನ ಟ್ಯಾಂಕಿನ ಮೇಲೆ ಕೂತು ನೋಡಿತೇ ವಿನಾ ಕೆಳಗಿಳಿಯಲಿಲ್ಲ. ಅನ್ನ ಒಣಗಿ ಕೊನೆಗೆ ಬೀದಿ ಹಸುವಿನ ಪಾಲಾಯಿತು. ಕಾಗೆ ಎಡೆ ಮುಟ್ಟದಿದ್ದರೆ ಹೋದವರ ಆಸೆ ಏನೋ ಉಳಿದಿದೆ ಎಂದರ್ಥ. ಮನೆಯವರು ಅದು ಯಾವ ಆಸೆಯೆಂದು ಊಹಿಸಿ, ಕಾಗೆಯ ಕಡೆ ತಿರುಗಿ, ನಡೆಸಿಕೊಡುತ್ತೇವೆ ಎಂದು ಬಾಯಿಬಿಟ್ಟು ಮಾತು ಕೊಡಬೇಕು. ಮಾತು ಕೊಟ್ಟರೆ ಕಾಗೆ ಇಳಿಯುತ್ತದೆ.

ಪದ್ಮಮ್ಮನಿಗೆ ಊಹಿಸುವುದಕ್ಕೆ ಏನೂ ಇರಲಿಲ್ಲ. ಗಂಡ ಆಸ್ಪತ್ರೆಯ ಮಂಚದಲ್ಲಿ ಶ್ಯಾಮಸುಂದರನ ಕೈ ಹಿಡಿದು, "ಆಶಿತಾನ ಮನೆಗೆ ಕರೆಯೋ" ಎಂದದ್ದನ್ನು ಅವಳೇ ಪಕ್ಕದಲ್ಲಿ ನಿಂತು ಕೇಳಿದ್ದಳು. "ಆಗ್ಲಿ ಅಪ್ಪ" ಎಂದಿದ್ದ ಮಗ. ಆಶಿತಾ ಅವಳ ಮಗಳು, ಶ್ಯಾಮಸುಂದರನ ತಂಗಿ. ಮಂಗಳೂರಿನ ವಾಲ್ಟರ್ ಎಂಬ ಕ್ರಿಶ್ಚಿಯನ್ ಹುಡುಗನನ್ನು ಮದುವೆಯಾಗಿ ಮಸ್ಕತ್ತಿನ ದಾರ್ಸೈಟಿನಲ್ಲೇ ಇದ್ದಳು. ಅಣ್ಣನ ಮನೆಯಿಂದ ಟ್ಯಾಕ್ಸಿಯಲ್ಲಿ ಒಂದು ಹಾಡು ಮುಗಿಯುವಷ್ಟು ದೂರ. ಆ ದೂರವನ್ನು ಶ್ಯಾಮಸುಂದರ ಇಷ್ಟು ವರ್ಷವಾದರೂ ದಾಟಿರಲಿಲ್ಲ. ಪರದೇಶದಲ್ಲಿ ಕೂತು ಇವನು ಕಾಯುತ್ತಿರುವ ಮರ್ಯಾದೆ ಯಾರ ಕಣ್ಣಿಗೆ ಕಾಣುತ್ತದೋ ಪದ್ಮಮ್ಮನಿಗೆ ತಿಳಿಯದು.

ಆದ್ದರಿಂದಲೇ ಈ ವರ್ಷ ಅವಳು ವಿಸಿಟ್ ವೀಸಾದಲ್ಲಿ ಬಂದದ್ದು. ಎಡೆ ಇಡುವವನು ಮಗನೇ ಆಗಲಿ, ಕಾಗೆ ಅವನ ಕಣ್ಣೆದುರೇ ಹಟ ಹಿಡಿಯಲಿ, ಮಾತು ಅವನ ಬಾಯಿಂದಲೇ ಹೊರಡಲಿ ಎಂಬುದು ಅವಳ ಲೆಕ್ಕ. ಮಸ್ಕತ್ತಿನಲ್ಲಿ ಕಾಗೆಗಳಿಗೇನು ಬರವೇ? ಬಾಲ್ಕನಿಗೆ ಬಂದು ಬಟ್ಟೆಯ ಕ್ಲಿಪ್ಪನ್ನೂ ಕದಿಯುತ್ತವೆ. ಆದರೆ ತಿಥಿಯ ವಾರಕ್ಕೆ ಸರಿಯಾಗಿ ಮಗ ಸಲಾಲಾಕ್ಕೆ ಹೊರಟ. "ಅಲ್ಲೇ ಮಾಡೋಣಮ್ಮ, ಬೆಟ್ಟದಲ್ಲಿ ಕಾಗೆ ರಾಶಿ ಇವೆ," ಎಂದ. ಅವನು ಹೊರಟದ್ದು ಬೆಟ್ಟಕ್ಕೂ ಅಲ್ಲ, ಅಪ್ಪನಿಗೂ ಅಲ್ಲ. ಗ್ರ್ಯಾಕಲ್ ಎಂಬ ಹಕ್ಕಿಗೆ.

ಮಸ್ಕತ್ತಿನಲ್ಲಿ ಇವನದೊಂದು ಫೋಟೋ ಬಳಗವಿತ್ತು. ಮೊಣಕಾಲು ನೋವಿನ ಗಂಡಸರು, ತೋಳಿನಷ್ಟು ಉದ್ದದ ಲೆನ್ಸುಗಳು, ಶುಕ್ರವಾರದ ಬಿರಿಯಾನಿ. ಈ ಸಲ ಅವರೊಂದು ಪ್ರದರ್ಶನ ಮಾಡುವವರಿದ್ದರು. ನೂರು ವರ್ಷಕ್ಕೂ ಹಿಂದಿನ ಹಕ್ಕಿ ಚಿತ್ರವೊಂದನ್ನು ಪ್ರತಿಯೊಬ್ಬರೂ ಆರಿಸಿಕೊಳ್ಳಬೇಕು, ಅದೇ ಹಕ್ಕಿಯನ್ನು ಅದೇ ಭಂಗಿಯಲ್ಲಿ ಕ್ಯಾಮೆರಾದಲ್ಲಿ ಹಿಡಿಯಬೇಕು, ಗೋಡೆಯ ಮೇಲೆ ಎರಡನ್ನೂ ಜೋಡಿಯಾಗಿ ತೂಗುಹಾಕಬೇಕು. ಶ್ಯಾಮಸುಂದರನ ಪಾಲಿಗೆ ಬಂದದ್ದು ಗ್ರ್ಯಾಕಲ್ ಜೋಡಿಯ ಚಿತ್ರ.

ಆ ಚಿತ್ರದ ಪ್ರತಿಯನ್ನು ಪ್ಲಾಸ್ಟಿಕ್ ಹಾಳೆಯೊಳಗಿಟ್ಟು ಹಿಡಿದುಕೊಂಡೇ ಅಡುಗೆಮನೆಗೆ ಬಂದ ಬಾಲಸುಬ್ರಹ್ಮಣ್ಯ. ಪುತ್ತೂರು ಕಡೆಯವನು, ಬಳಗದ ಹಿರಿಯ, ಮಗನ ಜೊತೆ ಕಾರಿನಲ್ಲಿ ಬಂದಿದ್ದ.

"ಎಂತ ಪದ್ಮಮ್ಮ, ಪರಿಮಳ ಜೋರುಂಟಲ್ಲ! ಇದೊಂದು ನೋಡಿ. ಕಲ್ಲಚ್ಚಿನಲ್ಲಿ ಒತ್ತಿದ್ದು. ಬಣ್ಣ ಮಾತ್ರ ಕೈಯಲ್ಲೇ ತುಂಬಿಸಿದ್ದು, ಒಂದೊಂದು ಪ್ರತಿಗೂ."

ಪದ್ಮಮ್ಮ ಕೈ ಒರೆಸಿಕೊಂಡು ನೋಡಿದಳು. ಗೊರವಂಕದ ಜಾತಿಯ ಹಕ್ಕಿ. ಎಣ್ಣೆ ಸವರಿದಂಥ ಕಪ್ಪು ಗಂಡು ಬಂಡೆಯ ಮೇಲೆ ನಿಂತಿತ್ತು. ಅರ್ಧ ಬಿಚ್ಚಿದ ರೆಕ್ಕೆಯಲ್ಲಿ ಕಾವಿ ಬಣ್ಣದ ದೊಡ್ಡ ಪಟ್ಟೆ. ಹಿಂದೆ ಬೂದಿ ತಲೆಯ ಹೆಣ್ಣು. ಎರಡೂ ರೇಷನ್ ಕಾರ್ಡಿಗೆ ಫೋಟೋ ತೆಗೆಸಿಕೊಳ್ಳುವವರ ಹಾಗೆ ಒಂದೇ ಕಡೆ ಮುಖ ಮಾಡಿದ್ದವು.

"ಹಕ್ಕಿ ನೋಡ್ಕೊಂಡು ಬರೆದ್ರಾ ಇದನ್ನ?"

"ನೋಡುವುದು ಎಲ್ಲಿಂದ! ಇಲ್ಲಿ ಗುಂಡು ಹೊಡೆದು, ತೊಗಲು ಸುಲಿದು, ಹತ್ತಿ ತುಂಬಿಸಿ ಹಡಗಿನಲ್ಲಿ ಕಳಿಸುವುದು. ಬರೆಯುವವ ಅಲ್ಲಿ ಬೆಚ್ಚಗೆ ಕೂತು, ತಂತಿ ಕಟ್ಟಿ ನಿಲ್ಲಿಸಿ ಬರೆಯುವುದು. ಅವ ಈ ದೇಶವನ್ನೇ ಕಂಡವನಲ್ಲ."

"ಅದಕ್ಕೇ ಮುಖದಲ್ಲಿ ಕಳೆ ಇಲ್ಲ."

"ನನ್ನದ್ರಲ್ಲಿ ಇರತ್ತೆ ನೋಡ್ತಿರು," ಎನ್ನುತ್ತ ಶ್ಯಾಮಸುಂದರ ಬಂದ. ಮೈತುಂಬ ಜೇಬುಗಳಿದ್ದ ಅಂಗಿ ತೊಟ್ಟಿದ್ದ. ಆ ಜೇಬುಗಳಲ್ಲಿ ಏನಿರುತ್ತದೆಂದು ಪದ್ಮಮ್ಮ ಒಮ್ಮೆ ಇಣುಕಿದ್ದಳು. ಒಂದರಲ್ಲಿ ಬಾಯಿವಾಸನೆಗೆ ಹಾಕಿಕೊಳ್ಳುವ ಪೆಪ್ಪರಮಿಂಟು, ಉಳಿದವು ಖಾಲಿ. "ಸೇಮ್ ಪೋಸ್, ಸೇಮ್ ಬಂಡೆ. ಆದ್ರೆ ಜೀವಂತ! ಯಲ್ಲಾ, ಹೊರಡಿ ಹೊರಡಿ."

ಸಾರು, ಅನ್ನ, ವಡೆ, ಪಾಯಸ ಡಬ್ಬಿಗಳಿಗೆ ಸೇರಿದವು. ಸಲಾಲಾದಲ್ಲಿ ಬಾಳೆ ಬೆಳೆಯುತ್ತಿದ್ದುದರಿಂದ ಎಲೆಗೇನೂ ಕಷ್ಟವಾಗಲಿಲ್ಲ. ಬೀದಿಬದಿಯ ಅಂಗಡಿಯವನು ಒಳ್ಳೆಯ ಕುಡಿಎಲೆಯನ್ನೇ ಕೊಟ್ಟ. ಕಾರು ಬೆಟ್ಟ ಹತ್ತುವಾಗ ದಾರಿಗಡ್ಡ ಒಂಟೆಗಳು ಬಂದವು. ಅವುಗಳಲ್ಲಿ ಒಂದರ ಡುಬ್ಬದ ಮೇಲೆ ಎರಡು ಕಪ್ಪು ಹಕ್ಕಿಗಳು ಓಡಾಡುತ್ತ ಉಣ್ಣಿಹುಳ ಹೆಕ್ಕುತ್ತಿದ್ದವು. ಒಂದು ರೆಕ್ಕೆ ಬಡಿದಾಗ ಕಾವಿ ಬಣ್ಣ ಫಳಕ್ಕೆಂದಿತು.

"ಅಗೋ ಶ್ಯಾಮ್, ಒಂಟೆ ಮೇಲೆಯೇ ಉಂಟು!" ಎಂದ ಬಾಲಸುಬ್ರಹ್ಮಣ್ಯ.

"ಒಂಟೆ ಮೇಲಿರೋದು ಯಾರಿಗೆ ಬೇಕು ಬಾಲಣ್ಣ? ಚಿತ್ರದಲ್ಲಿ ಬಂಡೆ ಮೇಲಿದೆ."

ಹಕ್ಕಿ ತನ್ನ ಪಾಡಿಗೆ ಬದುಕುತ್ತಿದ್ದರೆ ಇವರಿಗೆ ಅದು ಹಕ್ಕಿಯಲ್ಲ. ಕಾಣದವನು ಬರೆದಂತೆ ಕೂತರೆ ಮಾತ್ರ ಹಕ್ಕಿ. ಪದ್ಮಮ್ಮ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಸೊಸೆ ಅನು ಎಂದಿನಂತೆ ಗಂಡ ಹೇಳಿದ್ದಕ್ಕೆ ತಲೆಯಾಡಿಸಿದಳು. ಒಂಟೆಯೇ ಬೇಕು ಎಂದಿದ್ದರೂ ಅಷ್ಟೇ ಚೆನ್ನಾಗಿ ಆಡಿಸುತ್ತಿದ್ದಳು.

ಕಡಿದಾದ ಬೆಟ್ಟದ ಬುಡದಲ್ಲಿ ನೀರಿನ ಸೆಲೆಯೊಂದರ ಪಕ್ಕ ಕಾರು ನಿಂತಿತು. ಶ್ಯಾಮಸುಂದರ ನೇರ ಒಂದು ಚಪ್ಪಟೆ ಬಂಡೆಯ ಹತ್ತಿರ ಹೋಗಿ, "ಇಲ್ಲೇ ಇಡಮ್ಮ" ಎಂದ. ಪದ್ಮಮ್ಮ ಬಗ್ಗಿ ನೋಡಿದಳು. ಬಂಡೆಯ ಸುತ್ತ ಖರ್ಜೂರದ ಬೀಜಗಳು ಬಿದ್ದಿದ್ದವು, ಕೆಲವಕ್ಕೆ ತಿರುಳಿನ್ನೂ ಅಂಟಿತ್ತು. ನಿನ್ನೆ, ಮೊನ್ನೆ, ಬೆಳಗಾಗುವ ಮುಂಚೆಯೇ ಇಬ್ಬರು ಗಂಡಸರೂ ಕಾರು ತೆಗೆದುಕೊಂಡು ಎಲ್ಲಿಗೆ ಹೋಗಿದ್ದರೆಂದು ಆಗ ಗೊತ್ತಾಯಿತು. ಹಕ್ಕಿಗೆ ರುಚಿ ಹತ್ತಿಸಿ ಹೋಗಿದ್ದರು. ಇವತ್ತು ಅಪ್ಪನ ಎಡೆ ಆ ಖರ್ಜೂರದ ಬದಲಿಗೆ.

ಅವಳು ಎಲೆ ಹಾಸಿ ಅನ್ನ ಬಡಿಸಿದಳು, ಗುಳಿ ಮಾಡಿ ಸಾರು ಹುಯ್ದಳು, ವಡೆ ಇಟ್ಟಳು. ಶ್ಯಾಮಸುಂದರ ಎರಡು ಹೆಜ್ಜೆ ಹಿಂದೆ ಸರಿದು, ಬೆರಳುಗಳಲ್ಲಿ ಚೌಕ ಮಾಡಿ ಒಂದು ಕಣ್ಣು ಮುಚ್ಚಿದ.

"ಎಲೆ ಬೇಡಮ್ಮ. ನ್ಯಾಚುರಲ್ ಆಗಿ ಕಾಣಲ್ಲ."

"ಎಲೆ ಇಲ್ದೆ ಎಡೆ ಇಡ್ತಾರೇನೋ?"

"ಹಕ್ಕಿಗೆ ಎಲೆ ಯಾಕೆ? ಅನು, ತೆಗಿ ಅದನ್ನ."

ಅನು ಎಲೆಯನ್ನು ನಿಧಾನವಾಗಿ ಎಳೆದಳು. ಅನ್ನ ಬರಿಯ ಕಲ್ಲಿನ ಮೇಲೆ ಕೂತಿತು, ಸಾರು ಬಿರುಕಿನಲ್ಲಿ ಇಳಿದುಹೋಯಿತು. ಮಗ ಎಳ್ಳುನೀರು ಬಿಟ್ಟು, ಕೈಮುಗಿದಂತೆ ಮಾಡಿ, ಮೊದಲೇ ಕಟ್ಟಿದ್ದ ಮಿಲಿಟರಿಯವರ ಬಣ್ಣದ ಬಟ್ಟೆಯ ಮರೆಗೆ ನುಸುಳಿದ. ಅವನ ಹಿಂದೆ ಬಾಲಸುಬ್ರಹ್ಮಣ್ಯನೂ ಕುಕ್ಕರಿಸಿದ. ಬೆಟ್ಟದ ಹಸುವಿಗೂ ಕಾಣುತ್ತಿದ್ದ ಆ ಮರೆಯಲ್ಲಿ ಇಬ್ಬರೂ ಕಾಣೆಯಾಗಿದ್ದೇವೆ ಎಂದುಕೊಂಡು ಕೂತರು.

ಬಂದದ್ದು ಕಾಗೆ. ಊರ ಕಾಗೆಗಿಂತ ದೊಡ್ಡದು, ಮೊಂಡು ಬಾಲದ ಬೆಟ್ಟದ ಕಾಗೆ. ಎತ್ತರದ ಕಲ್ಲೊಂದರ ಮೇಲೆ ಕೂತು, ಕತ್ತು ಓರೆ ಮಾಡಿ ಅನ್ನ ನೋಡಿತು. ಇಳಿಯಲಿಲ್ಲ. ಮೈಸೂರಿನ ಟ್ಯಾಂಕಿನ ಮೇಲೆ ಕೂತಿದ್ದೂ ಹೀಗೆಯೇ.

"ಶಾಮಾ, ಹೇಳಪ್ಪ."

"ಏನ್ ಹೇಳ್ಬೇಕು?"

"ನಿಂಗೊತ್ತು. ಆಶಿತಾನ ಮನೆಗೆ ಕರೀತೀನಿ ಅಂತ ಒಂದ್ಮಾತು ಹೇಳು. ನಿಮ್ಮಪ್ಪ ಕಾಯ್ತಾ ಕೂತಿದಾರೆ ನೋಡು."

"ಶ್! ಮಾತಾಡ್ಬೇಡಮ್ಮ. ಹಕ್ಕಿ ಹಾರೋಗತ್ತೆ."

"ಹಕ್ಕಿಗೇ ಕಣೋ ನಾನು ಹೇಳು ಅಂತಿರೋದು!"

ಬಟ್ಟೆಯ ಮರೆಯಲ್ಲಿ ಲೆನ್ಸು ಸ್ವಲ್ಪ ಅಲುಗಿತು. ಪದ್ಮಮ್ಮ ಮಗನನ್ನು ಬಿಟ್ಟಳು. ಸೆರಗು ಸರಿಮಾಡಿಕೊಂಡು, ಕಾಗೆಯ ಕಡೆ ನೇರ ತಿರುಗಿದಳು.

"ಕರೀತೀವಿ ಕಣ್ರೀ. ಮಗಳನ್ನ ಕರೀತೀವಿ. ಅವನು ಕರೀದಿದ್ರೆ ನಾನೇ ಹೋಗ್ತೀನಿ. ಬನ್ನಿ, ಊಟ ಮಾಡಿ."

ಕಾಗೆ ಇಳಿಯಿತು. ಒಂದು ಕಲ್ಲಿಗೆ, ಅಲ್ಲಿಂದ ಇನ್ನೊಂದಕ್ಕೆ, ಆಮೇಲೆ ಕುಪ್ಪಳಿಸುತ್ತ ಎಡೆಯ ಅಂಚಿಗೇ ಬಂತು. ಕೊಕ್ಕು ಬಗ್ಗಿಸಿತು.

"ಥೂ, ಫ್ರೇಮಲ್ಲಿ ಬಂತು! ಬಾಲಣ್ಣ, ಓಡ್ಸಿ ಅದನ್ನ!"

"ಅದು ಕಾಗೆಯಲ್ವಾ ಮಾರಾಯ್ರೆ, ಇವತ್ತು ನಿಮ್ಮ ಅಪ್ಪನ..."

"ಕಾಗೆ ಇದ್ರೆ ಅವು ಬರಲ್ಲ ಕಣ್ರೀ!" ಎಂದವನೇ ಶ್ಯಾಮಸುಂದರ ಬಟ್ಟೆ ಸರಿಸಿ, ಒಂದು ಕಲ್ಲೆತ್ತಿ ಬೀಸಿದ. ಕಲ್ಲು ಬಂಡೆಗೆ ಠಣ್ಣೆಂದು ಬಡಿದು ವಡೆಯನ್ನು ಹಾರಿಸಿತು. ಕಾಗೆ ಎದ್ದು, ಬೆಟ್ಟದ ಮೇಲೆ ಒಂದು ಸುತ್ತು ಹಾಕಿ, ಮಂಜಿನೊಳಗೆ ಹೋಯಿತು.

ಪದ್ಮಮ್ಮನಿಗೆ ಅಳು ಬರಲಿಲ್ಲ. ಮಗನನ್ನು ಬೈಯುವ ಮನಸ್ಸೂ ಆಗಲಿಲ್ಲ. ಬೈಗುಳಕ್ಕೂ ಒಂದಿಷ್ಟು ಯೋಗ್ಯತೆ ಬೇಕು. ಬಾಗಿ ಕೂತ ಅವನ ಬೆನ್ನು, ಜೇಬುಗಳು, ಟೋಪಿಯ ದಾರ, ಇವನ್ನೆಲ್ಲ ಅವಳು ಅಂಗಡಿಯಲ್ಲಿ ತೂಗುಹಾಕಿದ ಬಟ್ಟೆ ನೋಡುವಂತೆ ನೋಡಿದಳು.

ಸ್ವಲ್ಪ ಹೊತ್ತಿಗೆ ಮೇಲಿನಿಂದ ಸಿಳ್ಳೆ ಕೇಳಿತು, ಬಸ್‌ಸ್ಟ್ಯಾಂಡಿನ ಪೋಲಿ ಹುಡುಗರು ಹಾಕುವಂಥ ಸಿಳ್ಳೆ. ಗ್ರ್ಯಾಕಲ್ ಜೋಡಿ ಇಳಿದು, ರೂಢಿಯಾದ ಬಂಡೆಯ ಮೇಲೆ ಕೂತು, ಖರ್ಜೂರ ಹುಡುಕಿ, ಸಿಗದೆ, ಹಿತಕಿದ ಬೇಳೆಗೆ ಬಾಯಿ ಹಾಕಿದವು. ಗಂಡು ಜಾರದಿರಲೆಂದು ರೆಕ್ಕೆ ಬಿಚ್ಚಿತು. ಕ್ಯಾಮೆರಾ ಹುಚ್ಚು ಹಿಡಿದಂತೆ ಬಡಿದುಕೊಂಡಿತು.

"ಖಲಾಸ್! ಸಿಕ್ತು! ಸೇಮ್ ಟು ಸೇಮ್!" ಶ್ಯಾಮಸುಂದರ ಕುಣಿಯುತ್ತ ಹೊರಬಂದ.

ಬಾಲಸುಬ್ರಹ್ಮಣ್ಯ ಪುಟ್ಟ ಪರದೆ ಇಣುಕಿ ನೋಡಿದ. "ಅನ್ನ ಕಾಣ್ತದಲ್ಲ ಶ್ಯಾಮ್, ಕಾಲಿನ ಹತ್ರ?"

"ಅದೇನ್ ಮಹಾ, ಫೋಟೋಶಾಪಲ್ಲಿ ಅಳಿಸಿ ಕಲ್ಲು ತುಂಬಿಸ್ತೀನಿ." ಆಮೇಲೆ ಅವನಿಗೆ ತಾಯಿಯ ನೆನಪಾಯಿತು. "ನೋಡಿದ್ಯಾ ಅಮ್ಮ, ಅಪ್ಪ ಹೊಟ್ಟೆ ತುಂಬ ಊಟ ಮಾಡಿದ್ರು. ಒಂದ್ ಕಂಡೀಶನ್ನೂ ಹಾಕ್ಲಿಲ್ಲ. ಈಗ ಸಮಾಧಾನ ಆಯ್ತಾ?"

"ತಿಂದಿದ್ದು ಗೊರವಂಕ."

"ಕಪ್ಪಗಿದೆ, ಬಂತು, ತಿಂತು. ಕಾಗೆಗೂ ಇದಕ್ಕೂ ಏನಮ್ಮ ವ್ಯತ್ಯಾಸ?"

ಗಂಡಿನ ತಲೆ ಹೀಗೆ, ಹೆಣ್ಣಿನ ತಲೆ ಹಾಗೆ ಎಂದು ಮಸ್ಕತ್ತಿನಿಂದ ದಾರಿಯುದ್ದಕ್ಕೂ ಪಾಠ ಮಾಡಿಕೊಂಡು ಬಂದವನು ಇವನೇ. ಪದ್ಮಮ್ಮ ಡಬ್ಬಿಗಳ ಮುಚ್ಚಳ ಹಾಕತೊಡಗಿದಳು. ಪಾಯಸ ಉಳಿದಿತ್ತು. ಇಬ್ಬರು ಗಂಡಸರೂ ನಿಂತಲ್ಲೇ ಡಬ್ಬಿಯಿಂದ ಕುಡಿದು, ಏಲಕ್ಕಿ ಚೆನ್ನಾಗಿ ಬಿದ್ದಿದೆ ಎಂದರು.

ಮರುದಿನ ಕಾರು ಮಸ್ಕತ್ತಿನ ಕಡೆ ಹೊರಟಿತು. ಬೆಟ್ಟ ದಾಟುತ್ತಲೇ ಹಸುರು ಕತ್ತರಿಸಿದಂತೆ ನಿಂತುಹೋಯಿತು, ಆಮೇಲೆಲ್ಲ ಬಿಳಿಚಿದ ಮಟ್ಟಸ ನೆಲ. ಮುಂದಿನ ಸೀಟಿನಲ್ಲಿ ಬಾಲಸುಬ್ರಹ್ಮಣ್ಯ ಫೋಟೋದ ಕೆಳಗೆ ಏನು ಬರೆಯಬೇಕೆಂದು ಯೋಚಿಸುತ್ತಿದ್ದ. "ಪ್ರಕೃತಿಯ ಮಡಿಲಲ್ಲಿ ಅಂತ ಹಾಕುವನಾ?" ಎಂದ. ಚೆನ್ನಾಗಿದೆ ಎಂದ ಶ್ಯಾಮಸುಂದರ. ಚೆನ್ನಾಗಿದೆ ಎಂದಳು ಅನು.

ಹಿಂದಿನ ಸೀಟಿನಲ್ಲಿ ಪದ್ಮಮ್ಮ ಗಂಟಲು ಸರಿಮಾಡಿಕೊಂಡಳು. ಹಾಡು ಹಾಕಿರಲಿಲ್ಲ, ಎಲ್ಲರಿಗೂ ಕೇಳುವಂತಿತ್ತು.

"ಶಾಮಾ, ಮಸ್ಕತ್ ಸೇರಿದ ಮೇಲೆ ನಿಮ್ಮನೆಗೆ ಬೇಡ. ನನ್ನನ್ನ ದಾರ್ಸೈಟಲ್ಲಿ ಆಶಿತಾ ಮನೆ ಮುಂದೆ ಇಳಿಸು."

ಬಾಲಸುಬ್ರಹ್ಮಣ್ಯ ಕಿಟಕಿಯಾಚೆ ನೋಡತೊಡಗಿದ. ಅನು ಮಡಿಲಲ್ಲಿದ್ದ ಕೈ ನೋಡಿಕೊಂಡಳು. ಶ್ಯಾಮಸುಂದರ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಇಳಿಸಪ್ಪ," ಎಂದಳು ಪದ್ಮಮ್ಮ.