ನಿಂಬೆಹುಲ್ಲಿನ ಐದು ಹನಿ

೧.
"ನಿಮ್ಮಪ್ಪ ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟು ನಾಲ್ಕು ತಿಂಗಳಾಯ್ತಂತೆ ಕಣೇ. ಒಗೆಯೋಕೆ ಅಂತ ಜೇಬು ನೋಡಿದ್ರೆ ನಿನ್ನ ಲ್ಯಾಬಿನ ಎಣ್ಣೆ ಸೀಸೆ. ದಿನಾ ಅದನ್ನೇ ಐದು ಹನಿ ಕುಡೀತಿದ್ರಂತೆ."

ಹೀಗೆ ಶುರು ಮಾಡಬಹುದೇ? ಅಮ್ಮನ ಈ ಫೋನು ಬಂದಾಗ ಮಗಳು ಲ್ಯಾಬಿನಲ್ಲಿ ಇಲಿಗಳ ಮೇವು ತೂಗುತ್ತಿದ್ದಳು. ಇನ್ನೊಂದು ಆರಂಭವೂ ಇತ್ತು, ನಿಂಬೆಹುಲ್ಲಿನ ಘಮ, ಬೆಳಗಿನ ಬೆಳಕು ಇತ್ಯಾದಿ. ಡಿಲೀಟ್ ಮಾಡಿದೆ. ಅದರಲ್ಲಿ ಯಾರಿಗೂ ಏನೂ ಆಗುವ ಹಾಗಿರಲಿಲ್ಲ.

೨. (ಹಿಂದಿನ ಕಥೆ. ಬೇಗ ಮುಗಿಸುತ್ತೇನೆ, ಆಕಳಿಸಬೇಡಿ.)
ಕೊಬ್ಬಿದ ಇಲಿಗಳ ಮೇವಿಗೆ ನಿಂಬೆಹುಲ್ಲಿನ ಎಣ್ಣೆ ಬೆರೆಸಿ ರಕ್ತದ ಕೊಲೆಸ್ಟ್ರಾಲ್ ಅಳೆಯುವುದು ಅವಳ ಸಂಶೋಧನೆ. ನಾಲ್ಕು ತಿಂಗಳ ಹಿಂದೆ ಅದು ಸರ್ರನೆ ಇಳಿಯಿತು. ಅಮ್ಮನಿಗೆ ಮೂಸಿ ತೋರಿಸಲು ಒಂದು ಸೀಸೆ ತಂದು, ಊಟಕ್ಕೆ ಕೂತಾಗ ಜಂಬ ಕೊಚ್ಚಿಕೊಂಡಳು. ಒಮ್ಮೆ ಎದೆನೋವಿಗೆ ಆಸ್ಪತ್ರೆ ಸೇರಿ ಬಂದಿದ್ದ ದರ್ಜಿ ಅಪ್ಪ, ಅಂಗಿಯ ಅಳತೆ ಕೇಳುವ ಹಾಗೆ ಕೇಳಿದರು. ಇಲಿ ಎಷ್ಟು ತೂಕ, ಹನಿ ಎಷ್ಟು? ಹಿಗ್ಗಿನಲ್ಲಿ ಅವಳು ಸೀಸೆಯನ್ನು ಅಲ್ಲೇ ಮರೆತಳು.

೩.
ಇಲಿಗಳು ತಿಂದು ಉಳಿಸಿದ್ದನ್ನು ತೂಗದೆ ಕಸಕ್ಕೆ ಸುರಿಯುವುದು ಅವಳ ರೂಢಿ. ಕಸದ ಬುಟ್ಟಿ ಯಾಕಿಷ್ಟು ಭಾರ ಎಂದು ಗೈಡ್ ಗೊಣಗಿದ್ದಕ್ಕೆ ಇವತ್ತು ಮೊದಲ ಸಲ ತೂಗಿದಳು. ಅರ್ಧಕ್ಕರ್ಧ ಉಳಿದಿತ್ತು. ಆ ವಾಸನೆಗೆ ಇಲಿಗಳು ಮೇವನ್ನೇ ಮುಟ್ಟುತ್ತಿರಲಿಲ್ಲ. ಕೊಲೆಸ್ಟ್ರಾಲ್ ಇಳಿಸಿದ್ದು ಎಣ್ಣೆಯೋ, ಉಪವಾಸವೋ?

ಆಗಲೇ ಫೋನು ಬಂದದ್ದು.

೪. (ಎಸೆದ ಕರಡುಗಳು)
ಒಂದು: ಹೊಲಿಗೆ ಯಂತ್ರದ ಮೇಲೆ ಅಪ್ಪನ ತಲೆ ವಾಲುತ್ತದೆ. ಸೂಜಿ ನಿಲ್ಲುವ ತನಕ ಬರೆದಿದ್ದೆ. ಮಗಳು ತಡೆದಳು. "ನಿನಗೊಂದು ಕ್ಲೈಮ್ಯಾಕ್ಸ್ ಬೇಕು ಅಂತ ನಮ್ಮಪ್ಪನ್ನ ಕೊಲ್ಬೇಡ."

ಎರಡು: ಪರೀಕ್ಷೆಯಲ್ಲಿ ಎಲ್ಲ ನಾರ್ಮಲ್, ಮೂವರೂ ನಗುತ್ತಾರೆ. ಇದನ್ನು ನಾನೇ ನಂಬಲಿಲ್ಲ.

೫.
ಸಂಜೆ ಅಂಗಡಿಗೆ ಹೋಗಿ ಎಲ್ಲ ಹೇಳಿದಳು. ಅಪ್ಪ ಕಾಲರ್ ಹೊಲಿಯುವುದನ್ನು ನಿಲ್ಲಿಸಲಿಲ್ಲ. ದಾರ ಕತ್ತರಿಸಿದ ಮೇಲೆ ಕೇಳಿದರು.

"ಇಲಿ ಹಸ್ಕೊಂಡಿತ್ತು, ಸರಿ. ನಾನು ಹೊಟ್ಟೆ ತುಂಬ ಉಂಡಿದೀನಲ್ಲ ಮಗಳೇ?"

(ಅವಳಿಗೆ ನಾನೊಂದು ಉತ್ತರ ಬರೆದುಕೊಟ್ಟೆ. ಓದಿ ವಾಪಸ್ ಕೊಟ್ಟಳು.) ಮೆಟ್ಟಿಲು ಹತ್ತಿದರೆ ಇತ್ತೀಚೆಗೆ ಉಸಿರು ಸಾಲುವುದಿಲ್ಲ ಎಂದು ಅಪ್ಪ, ಯಾರದೋ ಸುದ್ದಿ ಹೇಳುವವರಂತೆ ಹೇಳಿದರು. ಮಾತ್ರೆ ಬಿಡುವ ಮೊದಲು ಯಾಕೆ ನನ್ನನ್ನು ಕೇಳಲಿಲ್ಲ ಎಂದಳು.

"ನೀನು ಕಂಡುಹಿಡಿದಿದ್ದು. ಮನೆಯವನೇ ನಂಬದಿದ್ರೆ ಹೇಗೆ?"

೬.
ಅಪ್ಪನ ರಕ್ತದ ರಿಪೋರ್ಟಿನ ಅಂಕಿ ನನ್ನ ಕೈಯಲ್ಲಿದೆ ಅಂದುಕೊಂಡಿದ್ದರೆ ತಪ್ಪು. ಬರೆದರೆ ನಿಜವಾಗಿಬಿಡುತ್ತದೇನೋ ಎಂದು ಆ ಜಾಗ ಖಾಲಿ ಬಿಟ್ಟಿದ್ದೇನೆ. ನಿಗದಿಯಾಗಿರುವುದು ಇಷ್ಟೇ: ನಾಳೆ ಬೆಳಿಗ್ಗೆ ಏಳೂವರೆಗೆ, ರಕ್ತ ಪರೀಕ್ಷೆಯ ಲ್ಯಾಬಿನ ಬಾಗಿಲಲ್ಲಿ ಅಪ್ಪ, ಮಗಳು. ಏನೂ ತಿನ್ನದೆ ಬರಬೇಕು ಎಂದಳು ಅವಳು.

"ಕೊನೆಗೂ ನಾನೂ ನಿನ್ನ ಇಲಿ ಥರಾನೇ ಆದೆ ಬಿಡು," ಎಂದು ಅಪ್ಪ ಸೂಜಿಗೆ ದಾರ ಪೋಣಿಸತೊಡಗಿದರು.