ಮೇಲಿನ ಮೂರು ಸ್ವರಗಳ ಬಣ್ಣ

ನ್ಯಾಮತಿಯ ಬಸ್ ನಿಲ್ದಾಣದ ಹಿಂದಿನ ಓಣಿಗೆ ಬಂದವರು ತಿಪ್ಪೇಶಪ್ಪನವರ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಆ ಮನೆಯ ಪಡಸಾಲೆಯಿಂದ ಒಂದೇ ಸ್ವರ ಹತ್ತು ಸಲ, ಇಪ್ಪತ್ತು ಸಲ ಕೇಳಿಬರುತ್ತಿತ್ತು. ನಲವತ್ತು ವರ್ಷದಿಂದ ಅವರದು ಹಾರ್ಮೋನಿಯಂ ರಿಪೇರಿಯ ಕೆಲಸ. ಚನ್ನಗಿರಿ ಕಡೆಯ ಭಜನೆಯವರಾಗಲಿ, ಜಗಳೂರು ಕಡೆಯ ಹಳ್ಳಿ ನಾಟಕದವರಾಗಲಿ, ತಿದಿ ಹರಿದರೆ, ಶ್ರುತಿ ಕೆಟ್ಟರೆ ಪೆಟ್ಟಿಗೆ ಹೊತ್ತು ಅಲ್ಲಿಗೇ ಬರುತ್ತಿದ್ದರು.

ಅದೇ ಪಡಸಾಲೆಯ ಕಿಟಕಿಯ ಪಕ್ಕ ಸೊಸೆ ಚೈತ್ರಶ್ರೀಯ ಹೊಲಿಗೆ ಮಿಷನ್ನು. ಮದುವೆಯಾಗಿ ಹೊನ್ನಾಳಿಯಿಂದ ಬಂದು ಆರು ವರ್ಷವಾಗಿತ್ತು. ಬ್ಲೌಸ್ ಹೊಲಿಯುವುದರಲ್ಲಿ ಅವಳ ಕೈ ಚೆನ್ನಾಗಿತ್ತು. ಅದಕ್ಕಿಂತ ಹೆಚ್ಚಾಗಿ ಅವಳ ಕಣ್ಣು. ಸೀರೆಯನ್ನು ಒಂದು ಸಲ ನೋಡಿದರೆ ಸಾಕು, ಅದನ್ನು ಮನೆಯಲ್ಲೇ ಬಿಟ್ಟು ಅಂಗಡಿಗೆ ಹೋದರೂ ಅದಕ್ಕೆ ಹೊಂದುವ ದಾರದುಂಡೆ ತಂದುಬಿಡುತ್ತಿದ್ದಳು.

ಆ ಕಣ್ಣಿನ ಇನ್ನೊಂದು ಗುಣ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾವ ಹಾರ್ಮೋನಿಯಂನ ಕಪ್ಪು ಬಿಳಿ ಮನೆಗಳನ್ನು ಒಂದೊಂದಾಗಿ ಒತ್ತಿದಾಗಲೂ ಚೈತ್ರಶ್ರೀಗೆ ಒಂದೊಂದು ಬಣ್ಣ ಕಾಣುತ್ತಿತ್ತು. ಕಣ್ಣೆದುರಿನ ಗೋಡೆಯ ಮೇಲಲ್ಲ, ಹಣೆಯ ಒಳಗೆ ಎಲ್ಲೋ. ಆದರೆ ಕೈಯಲ್ಲಿರುವ ಬಟ್ಟೆಯಷ್ಟೇ ಸ್ಪಷ್ಟವಾಗಿ. ಕಪ್ಪು ಒಂದು ಒತ್ತಿದರೆ ಕುಂಕುಮ. ಕಪ್ಪು ಎರಡು, ಮೆಂತ್ಯದ ಹಳದಿ. ಬಿಳಿ ನಾಲ್ಕು ಒತ್ತಿದರೆ ಗಿಣಿಹಸಿರು. ಮೂರನೆಯ ತರಗತಿಯಲ್ಲಿದ್ದಾಗ, ಪ್ರಾರ್ಥನೆಯ ಹಾಡು ಕೊನೆಗೆ ನೇರಳೆ ಆಗುತ್ತದೆ ಎಂದು ಗೆಳತಿಯರಿಗೆ ಹೇಳಿದ್ದಳು. ಇಡೀ ಸಾಲು ನಕ್ಕಿತ್ತು. ಸುದ್ದಿ ಮನೆ ಮುಟ್ಟಿದ ಮೇಲೆ ಅವಳ ಅವ್ವ ಹೆದರಿ, ತೋಳಿಗೆ ತಾಯಿತ ಕಟ್ಟಿಸಿ, "ಇನ್ನೊಂದು ಸಲ ಯಾರ ಮುಂದೂ ಹಿಂಗೆ ಅನ್ನಬ್ಯಾಡ ನೋಡು" ಎಂದು ಆಣೆ ಹಾಕಿಸಿಕೊಂಡಿದ್ದಳು. ಅಂದಿನಿಂದ ಚೈತ್ರಶ್ರೀ ಬಾಯಿ ಬಿಟ್ಟಿರಲಿಲ್ಲ. ಗಂಡ ಪರಶುರಾಮನಿಗೂ ಹೇಳಿರಲಿಲ್ಲ.

ಹೋದ ಮಾಘದಲ್ಲಿ ಜಗಳೂರಿನ ಯರ್ರಿಸ್ವಾಮಿ ಮಾಸ್ತರರು ತಮ್ಮ ಪೆಟ್ಟಿಗೆ ತಂದುಕೊಟ್ಟರು. ಹಳ್ಳಿಹಳ್ಳಿಗೆ ಹೋಗಿ ನಾಟಕ ಕಲಿಸುವವರು ಅವರು. ಪೆಟ್ಟಿಗೆ ಅವರ ಅನ್ನ. ತಿಪ್ಪೇಶಪ್ಪ ನಾಲ್ಕು ದಿನ ಕೂತು ಕೆಲಸ ಮುಗಿಸಿದರು. ಕೊನೆಯ ದಿನ ಎಲ್ಲ ಮನೆಗಳನ್ನೂ ಸಾಲಾಗಿ ಒತ್ತಿ ನೋಡುತ್ತಿದ್ದಾಗ, ಬ್ಲೌಸಿಗೆ ಕೊಕ್ಕೆ ಹಾಕುತ್ತಿದ್ದ ಚೈತ್ರಶ್ರೀಯ ಸೂಜಿ ನಿಂತಿತು. ಮೇಲಿನ ಮೂರು ಸ್ವರಗಳ ಬಣ್ಣ ಸರಿಯಿರಲಿಲ್ಲ. ಈರುಳ್ಳಿ ಸಿಪ್ಪೆಯ ಬಣ್ಣ ಬರಬೇಕಾದಲ್ಲಿ ಇಟ್ಟಿಗೆ ಪುಡಿ ಬೆರೆತಂತೆ ಕಂಡಿತು. ನವಿಲು ಬಣ್ಣ ಬಿಸಿಲಿಗೆ ಒಣಹಾಕಿದ ಸೀರೆಯಂತೆ ಬಿಳಿಚಿತ್ತು. ಅವಳು ತಲೆಯೆತ್ತಿ ನೋಡಿದಳು. ಮಾವ ಸಮಾಧಾನದಿಂದ ತಲೆಯಾಡಿಸಿ ಪೆಟ್ಟಿಗೆಯ ಮುಚ್ಚಳ ಹಾಕುತ್ತಿದ್ದರು.

ಆಗಲೇ ಅವಳಿಗೆ ತಿಳಿಯಿತು. ಕುಕ್ಕರಿನ ಸೀಟಿ ಮಾವನಿಗೆ ಕೇಳಿಸದೆ ಎಷ್ಟೋ ತಿಂಗಳಾಗಿತ್ತು. ಮೊಬೈಲು ಪಕ್ಕದಲ್ಲೇ ಹೊಡೆದುಕೊಂಡರೂ ಸುಮ್ಮನಿರುತ್ತಿದ್ದರು. ಸಣ್ಣ ದನಿಗಳು ಅವರನ್ನು ಬಿಟ್ಟು ಹೋಗಿದ್ದವು. ಹೇಳಲೇ ಎಂದು ಬಾಯಿಯವರೆಗೆ ಬಂದದ್ದನ್ನು ಅವಳು ನುಂಗಿಕೊಂಡಳು. ಪೆಟ್ಟಿಗೆ ಜಗಳೂರಿಗೆ ಹೋಯಿತು.

ಹದಿನೈದು ದಿನಕ್ಕೆ ತಿರುಗಿ ಬಂತು. ಯರ್ರಿಸ್ವಾಮಿ ಮಾಸ್ತರರು ಚಹಾ ಕುಡಿದು, ಮಳೆ ಬೆಳೆಯ ಮಾತಾಡಿ, ಕೊನೆಗೆ ಬಹಳ ಸಂಕೋಚದಿಂದ ಹೇಳಿದರು: "ತಪ್ಪು ತಿಳ್ಕಾಬ್ಯಾಡ್ರಿ ಅಣ್ಣಾರೆ. ಮೇಲಿನ ಸ್ವರಕ್ಕೆ ಹೋದಂಗೆ ಯಾಕೋ ಕಿವಿಗೆ ಕಚ್ಚತೈತೆ. ಹೆಣ್ಣು ಪಾತ್ರದ ಹಾಡು ಹಿಡಿಯಾಕೆ ಆಗವಲ್ದು. ಇನ್ನೊಂದು ಸಲ ನೋಡ್ರಿ."

"ಆಗಲಿ ಮಾಸ್ತರೆ, ಬಿಟ್ಟು ಹೋಗ್ರಿ" ಎಂದರು ತಿಪ್ಪೇಶಪ್ಪ. ಅವರ ಮುಖ ಚಿಕ್ಕದಾಗಿತ್ತು.

ಎರಡು ದಿನ ಅವರು ಪೆಟ್ಟಿಗೆ ಮುಟ್ಟಲಿಲ್ಲ. ಮೂರನೆಯ ದಿನ ಅರ, ಚಿಮಟ, ಇಕ್ಕಳಗಳನ್ನೆಲ್ಲ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಗಂಟು ಕಟ್ಟಿದರು. ಹೆಂಡತಿ ಕರಿಯಕ್ಕ ಅಡುಗೆ ಮನೆಯಿಂದ ಬಂದು ನೋಡಿ, "ಇದೇನ್ರೀ, ಗಂಟು ಮೂಟೆ?" ಎಂದಳು.

"ಯಾರಾರ ಬಂದ್ರೆ ನಾನು ಬಿಟ್ಟೀನಿ ಅಂತ ಹೇಳು. ಬಸವಾಪಟ್ಟಣದಾಗೆ ಯಾವನೋ ಹುಡುಗ ಮಾಡ್ತಾನಂತೆ. ಅಲ್ಲಿಗೆ ಹೋಗ್ಲಿ."

ಚೈತ್ರಶ್ರೀ ಮಿಷನ್ನಿನಿಂದ ಎದ್ದಳು. ತಾನು ಅಂದೇ ಹೇಳಿದ್ದರೆ ಈ ಗಂಟು ಕಟ್ಟುವ ದಿನ ಬರುತ್ತಿರಲಿಲ್ಲ ಎಂಬುದು ಮೂರು ದಿನದಿಂದ ಅವಳನ್ನು ಕೊರೆಯುತ್ತಿತ್ತು. ಅವ್ವನ ಆಣೆ ನೆನಪಾದರೂ ಅದನ್ನು ಬದಿಗಿಟ್ಟಳು.

"ಮಾವ, ಮೇಲಿನ ಮೂರು ಸ್ವರ ಅಷ್ಟೇ ತಪ್ಪಿರೋದು. ಸ್ವಲ್ಪ ಏರ್ಯಾವೆ. ಉಳಿದಾವೆಲ್ಲ ಸರಿ ಅದಾವೆ."

ತಿಪ್ಪೇಶಪ್ಪ ತಿರುಗಿದರು. "ನಿಂಗೆ ಹೆಂಗೆ ಗೊತ್ತು? ನನ್ನ ಕಿವಿ ಹೋಗೈತೆ ಅಂತೀಯೇನು?"

"ಕಿವಿ ಮಾತಲ್ಲ ಮಾವ. ನಂಗೆ ಕಾಣ್ತೈತೆ."

ಅವಳು ಎಲ್ಲವನ್ನೂ ಹೇಳಿದಳು. ಪ್ರಾರ್ಥನೆಯ ಹಾಡು, ತಾಯಿತ, ಕುಂಕುಮ, ಮೆಂತ್ಯ, ಇಟ್ಟಿಗೆ ಪುಡಿ. ಕರಿಯಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿದಳು. ತಿಪ್ಪೇಶಪ್ಪ ಕೈಚಾಚಿ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಬೆನ್ನು ಮಾಡಿ ಕುಂದ್ರು. ದಾರದ ಡಬ್ಬಿ ತಗಾ."

ಅವರು ಒಂದೊಂದೇ ಮನೆ ಒತ್ತಿದರು. ಅವಳು ಗೋಡೆಗೆ ಮುಖ ಮಾಡಿ ಕೂತು, ಡಬ್ಬಿಯಿಂದ ಒಂದೊಂದೇ ದಾರದುಂಡೆ ತೆಗೆದು ಹಿಂದಕ್ಕೆ ಚಾಚಿದಳು. ಹನ್ನೆರಡು ಸ್ವರ, ಹನ್ನೆರಡು ಬಣ್ಣ. ಎರಡು ಬಣ್ಣದ ಉಂಡೆ ಅವಳಲ್ಲಿ ಇರಲೇ ಇಲ್ಲ. ಒಂದಕ್ಕೆ ಅತ್ತೆಯ ಸೀರೆಯ ಅಂಚು ತೋರಿಸಿದಳು, ಇನ್ನೊಂದಕ್ಕೆ ಒಲೆಯ ಮೇಲಿನ ಹಾಲಿನ ಕೆನೆ ಎಂದಳು. ತಿಪ್ಪೇಶಪ್ಪ ಎಲ್ಲವನ್ನೂ ಸೀಮೆಸುಣ್ಣದಿಂದ ನೆಲದ ಮೇಲೆ ಬರೆದುಕೊಂಡರು.

ಊಟವಾದ ಮೇಲೆ ಮತ್ತೆ ಕೂರಿಸಿದರು. ಈ ಸಲ ಸಾಲು ತಪ್ಪಿಸಿ, ಮೇಲೊಂದು ಕೆಳಗೊಂದು ಒತ್ತಿದರು. ಒಂಬತ್ತರವರೆಗೆ ಬೆಳಗಿನ ಬಣ್ಣಗಳೇ ಒಂದೂ ತಪ್ಪದೆ ಬಂದವು. ಹತ್ತನೆಯದಕ್ಕೆ ಅವಳು ತಡವರಿಸಿದಳು.

"ಹೇಳು."

"ಇದು ಬಿಳಿ ನಾಲ್ಕು ಇರ್ಬೇಕು ಮಾವ. ಆದ್ರೆ ಗಿಣಿಹಸಿರು ಅಲ್ಲ. ಬಾಡಿದ ಎಲಿ ಆಗೈತೆ."

"ಬೆಳಿಗ್ಗೆ ಗಿಣಿಹಸಿರು ಅಂದಿದ್ದಿ. ಬರ್ಕಂಡೀನಿ ನೋಡು. ಇಲ್ಲಿ ತಪ್ಪಿದಿ."

"ಇಲ್ಲ ಮಾವ" ಎಂದಳು ಚೈತ್ರಶ್ರೀ, ತನಗೇ ಆಶ್ಚರ್ಯವಾಗುವಷ್ಟು ಗಟ್ಟಿಯಾಗಿ. "ನಾನು ತಪ್ಪಿಲ್ಲ. ಸ್ವರಾನೇ ಇಳಿದೈತೆ."

ತಿಪ್ಪೇಶಪ್ಪ ಪೆಟ್ಟಿಗೆಯ ಹಲಗೆ ತೆಗೆದರು. ಬಿಳಿ ನಾಲ್ಕರ ದನಿ ಹೊರಡಿಸುವ ಹಿತ್ತಾಳೆಯ ನಾಲಿಗೆಯ ತುದಿಗೆ ಸಾಸಿವೆ ಕಾಳಿನಷ್ಟು ಮೇಣ ಅಂಟಿತ್ತು. ಅವಳು ಪಾತ್ರೆ ತೊಳೆಯುತ್ತಿದ್ದಾಗ ಅವರೇ ಅಂಟಿಸಿದ್ದು. ಉಗುರಿನಿಂದ ಅದನ್ನು ಕೆರೆದು ತೆಗೆದು ಮತ್ತೆ ಒತ್ತಿದರು.

"ಈಗ?"

"ಗಿಣಿಹಸಿರು."

ಮುದುಕರ ಮುಖದಲ್ಲಿ ಮೂರು ದಿನದ ಮೇಲೆ ನಗು ಬಂತು. "ಕರೀ, ಬಾ ಇಲ್ಲಿ! ಆರು ವರ್ಷದಿಂದ ಈ ಹುಡುಗಿ ನನ್ನ ಮಗ್ಗುಲಾಗೆ ಕುಂತು ಕೊಕ್ಕೆ ಹಾಕ್ತೈತಲ್ಲೇ! ಇಂಥಾದ್ದು ಇಟ್ಕಂಡು ಸುಮ್ನಿದ್ಯಲ್ಲ ತಾಯಿ?"

"ಹುಚ್ಚು ಅಂತೀರೇನೋ ಅಂತ…"

"ಹುಚ್ಚು ಅನ್ನೋರ ಕಿವಿಯಾಗೆ ಏನೂ ಇಲ್ಲ ಬಿಡು. ನಾನೂ ಕಲಿಯಾಕೆ ಹೋದಾಗ, ಕೆಳಗಿನ ಸ್ವರ ಒತ್ತಿದ್ರೆ ಅಂಗಾಲಾಗೆ ಜುಮ್ ಅನ್ನೋದು. ಈಗ್ಲೂ ಅಂತೈತೆ. ಯಾರಿಗೂ ಹೇಳಿಲ್ಲ."

ಕರಿಯಕ್ಕ ಗಂಡನ ಅಂಗಾಲು ನೋಡಿ, ಸೊಸೆಯ ಹಣೆ ನೋಡಿ, "ನನಗೊಬ್ಬಳಿಗೆ ಏನೂ ಆಗಲ್ಲಲ್ಲ!" ಎಂದು ಬೇಸರಪಟ್ಟುಕೊಂಡಳು.

ಮರುದಿನ ಗಂಟು ಬಿಚ್ಚಿತು. ಹಿತ್ತಾಳೆಯ ನಾಲಿಗೆಯ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಒಂದು ಕೂದಲೆಳೆ ಹೆಚ್ಚಾದರೂ ಕೆಟ್ಟಂತೆಯೇ. ತಿಪ್ಪೇಶಪ್ಪ ಬುಡದಲ್ಲಿ ಅರವನ್ನು ಉಸಿರಿನಷ್ಟು ಹಗುರವಾಗಿ ಎಳೆಯುತ್ತಿದ್ದರು. ಚೈತ್ರಶ್ರೀ ಕಣ್ಣು ಮುಚ್ಚಿ ಹೇಳುತ್ತಿದ್ದಳು: "ಇನ್ನೂ ಇಟ್ಟಿಗೆ ಐತೆ… ಕಮ್ಮಿ ಆತು… ಇನ್ನೊಂದು ಚೂರು… ನಿಲ್ಲಿಸ್ರಿ." ಎರಡು ಸ್ವರ ಸರಿಯಾದ ಮೇಲೆ ಅವರು ಅರವನ್ನು ಅವಳ ಕೈಗೆ ಕೊಟ್ಟರು.

"ಬ್ಯಾಡ ಮಾವ, ಕೆಡಿಸಿಬಿಡ್ತೀನಿ."

"ಸೂಜಿ ಹಿಡಿಯೋ ಕೈ ಐತಲ್ಲ. ಹಿಡಿ."

ಮೂರನೆಯದನ್ನು ಅವಳೇ ಕೆರೆದಳು. ಒಂದು ಗಂಟೆ ಹಿಡಿಯಿತು. ಮುಗಿಯುವಾಗ ರವಿಕೆಯ ಬೆನ್ನು ತೊಯ್ದುಹೋಗಿತ್ತು.

ಸಂಜೆ ಬಸ್ಸಿನ ಹೊನ್ನಾಳಿ ಟ್ರಿಪ್ ಮುಗಿಸಿ ಬಂದ ಪರಶುರಾಮನಿಗೆ ಕರಿಯಕ್ಕನೇ ಬಾಗಿಲಲ್ಲಿ ನಿಲ್ಲಿಸಿ ಎಲ್ಲ ಹೇಳಿದಳು. ಡ್ರೈವರ್ ಅಂಗಿಯನ್ನೂ ಬಿಚ್ಚದೆ ಅವನು ಹೆಂಡತಿಯ ಎದುರು ಕೂತ.

"ನಂಗ್ಯಾಕೆ ಹೇಳಲಿಲ್ಲ?"

ಅವಳು ದಾರದುಂಡೆಗಳನ್ನು ಡಬ್ಬಿಗೆ ತುಂಬತೊಡಗಿದಳು. ಅವನ ಮುಖದಲ್ಲಿ ನೋವಿತ್ತು, ಸಿಟ್ಟಿರಲಿಲ್ಲ. ಅವನೇ ಮತ್ತೆ ಕೇಳಿದ: "ನನ್ನ ಬಸ್ಸಿನ ಹಾರನ್ನು?"

"ಓಣಿ ತಿರುವಿನಾಗೆ ಹೊಡೀತೀರಲ್ಲ, ಅದು ಕನಕಾಂಬರ. ಅದು ಕಂಡ ಮ್ಯಾಲೇ ನಾನು ರೊಟ್ಟಿಗೆ ಹಂಚು ಇಡೋದು."

ಪರಶುರಾಮ ತಲೆ ತಗ್ಗಿಸಿ ನಕ್ಕ. ಆಮೇಲೆ ಅಪ್ಪನ ಕಡೆಗೆ ತಿರುಗಿ, ಗುರುವಾರ ರಜೆ ಹಾಕಿದ್ದೇನೆ, ಹೊನ್ನಾಳಿಗೆ ಹೋಗಿ ಕಿವಿ ತೋರಿಸಿಕೊಂಡು ಬರೋಣ ಎಂದ. ತಿಪ್ಪೇಶಪ್ಪ ಗೊಣಗಿದರು. "ಆಕೆ ಕಣ್ಣು ಇರುವಾಗ ನಂಗ್ಯಾಕೆ ಕಿವಿ ಮಿಷನ್ನು?"

"ಶ್ರುತಿಗಲ್ಲ ಮಾವ" ಎಂದಳು ಚೈತ್ರಶ್ರೀ. "ಅತ್ತೆ ಕರೆದಾಗ ಓಗೊಡಾಕೆ."

ತಿಪ್ಪೇಶಪ್ಪ ಒಪ್ಪಿದರು. ಗುರುವಾರ ಹೋದರು. ಕಿವಿಯ ಮಿಷನ್ನು ಬಂದ ಮೊದಲ ವಾರ, ಮನೆಯಲ್ಲಿ ಚಮಚ ಬಿದ್ದರೂ ಬೆಚ್ಚಿಬೀಳುತ್ತಿದ್ದರು. ಮನುಷ್ಯರ ಮಾತು ಚೆನ್ನಾಗಿ ಕೇಳುತ್ತದೆ, ಪೆಟ್ಟಿಗೆಯ ಸ್ವರ ಮಾತ್ರ ತಗಡು ಬಡಿದಂತೆ ಕೇಳುತ್ತದೆ ಎಂದರು. ಕೆಲಸಕ್ಕೆ ಕೂರುವಾಗ ಅದನ್ನು ತೆಗೆದಿಟ್ಟು ಸೊಸೆಯನ್ನು ಕರೆಯುವುದು ರೂಢಿಯಾಯಿತು.

ಯರ್ರಿಸ್ವಾಮಿ ಮಾಸ್ತರರು ಬಂದು ಪೆಟ್ಟಿಗೆ ನುಡಿಸಿ ನೋಡಿದರು. ಕೆಳಗಿನಿಂದ ಮೇಲಕ್ಕೆ ಹೋಗಿ, ಮೇಲೆಯೇ ಬಹಳ ಹೊತ್ತು ನಿಂತು, ಸಣ್ಣಗೆ ಗುನುಗಿದರು. "ಅಣ್ಣಾರೆ, ಹೊಸಾ ಪೆಟ್ಟಿಗಿನೂ ಹಿಂಗೆ ನುಡಿಯಲ್ಲ. ನಿಮ್ಮ ಕೈ ಅಂದ್ರೆ ಕೈ!"

ಚೈತ್ರಶ್ರೀ ಒಳಗೆ ಹೋಗಲು ಎದ್ದಳು. ಮಾವ ಹೂಂಗುಟ್ಟಿದರೆ ಸಾಕಿತ್ತು, ಮಾತು ಅಲ್ಲಿಗೆ ಮುಗಿಯುತ್ತಿತ್ತು. ಹಾಗೆಯೇ ಆಗಲೆಂದು ಅವಳೂ ಬಯಸಿದ್ದಳು. ತಿಪ್ಪೇಶಪ್ಪ ಅವಳತ್ತ ಕೈ ತೋರಿಸಿದರು.

"ನಂದಲ್ಲ ಮಾಸ್ತರೆ. ಮ್ಯಾಲಿನ ದನಿ ನಂಗೆ ಈಗ ಕೇಳಲ್ಲ. ಇದು ನನ್ನ ಸೊಸಿ ಶ್ರುತಿ ಕೂಡ್ಸಿದ್ದು. ಆಕಿಗೆ ಸ್ವರ ಕಾಣ್ತಾವೆ."

ಮಾಸ್ತರರು ಬಾಯಿ ತೆರೆದು ಕೂತರು. ಕೊನೆಗೆ, "ಹಂಗಾದ್ರೆ ತಂಗೀ, ನೀನೇ ಒಂದು ಸಲ ಜಗಳೂರಿಗೆ ಬರ್ಬೇಕವ್ವ. ನಮ್ಮ ತಾಲೀಮಿನ ಮನೆಯಾಗೆ ಇನ್ನೂ ಎರಡು ಪೆಟ್ಟಿಗೆ ಅದಾವೆ" ಎಂದರು.

ಆ ಭಾನುವಾರ ಮಾವ ಸೊಸೆ ಇಬ್ಬರೂ ಹೋದರು. ತಾಲೀಮಿನ ಮನೆಯಲ್ಲಿ ಹತ್ತು ಹನ್ನೆರಡು ಜನ ಪಾತ್ರಧಾರಿಗಳು ಸೇರಿದ್ದರು. ಸುದ್ದಿ ಅವರಿಗಿಂತ ಮೊದಲೇ ಬಂದಿತ್ತು. ರಾಣಿಯ ಪಾತ್ರದ ಗಂಗೋತ್ರಿ ಎಂಬ ಹುಡುಗಿ ಒಂದು ಸಾಲು ಹಾಡಿ, "ಅಕ್ಕಾರೆ, ನಂದು ಯಾವ ಬಣ್ಣ?" ಎಂದು ಕೇಳಿಯೇಬಿಟ್ಟಳು.

ಚೈತ್ರಶ್ರೀ ಎಲ್ಲರ ಮುಖವನ್ನೂ ನೋಡಿದಳು. ನಗಲು ಕಾದವರು ಒಬ್ಬರೂ ಇರಲಿಲ್ಲ. "ಆನಂದ ನೀಲಿ, ರೇಷ್ಮಿ ಸೀರಿ ಬಣ್ಣ" ಎಂದಳು. "ಕೊನಿಗೆ ಎಳೀವಾಗ ಅಂಚಿನಾಗೆ ಜರಿ ಹೊಳದಂಗೆ ಆತು."

ಅಷ್ಟೇ ಸಾಕಾಯಿತು. ಮಂತ್ರಿಯೂ ಸೇನಾಧಿಪತಿಯೂ ಸಾಲು ನಿಂತರು. ಖಳನಾಯಕನ ಪಾತ್ರದ ಬೀರಲಿಂಗಪ್ಪ ಎದೆಯುಬ್ಬಿಸಿ ಗರ್ಜಿಸಿದ. ಎಳೆ ಬದನೆಕಾಯಿಯ ಬಣ್ಣ ಎಂದು ತಿಳಿದಾಗ ಅವನು ಮುಖ ಸಪ್ಪಗೆ ಮಾಡಿಕೊಂಡ. ಮನೆಯೆಲ್ಲ ನಕ್ಕಿತು, ಚೈತ್ರಶ್ರೀಯೂ ನಕ್ಕಳು. ಅವಳ ಹಿಂದೆ ಚಾಪೆಯ ಮೇಲೆ ತಿಪ್ಪೇಶಪ್ಪ ಎರಡನೆಯ ಪೆಟ್ಟಿಗೆಯ ತಿರುಪು ಬಿಚ್ಚುತ್ತಿದ್ದರು. "ಸಾಕು ಬಿಡ್ರಪ್ಪ, ನಮಗೆ ನಾಕೂವರೆಗೆ ಬಸ್ಸೈತೆ" ಎಂದು ಗದರಿ, ಅವಳಿಗಾಗಿ ಅರವನ್ನು ಒರೆಸಿ ಪಕ್ಕದಲ್ಲಿಟ್ಟರು.